ಎಷ್ಟು ಬಲ? ಲೆಕ್ಕ ಹೇಳಿಕೊಟ್ಟ ಐಸಾಕ್ ನ್ಯೂಟನ್



ಸಂತೆಯಲ್ಲಿ ತಳ್ಳುಗಾಡಿಯನ್ನು ನೀವೆಲ್ಲ ನೋಡಿದ್ದೀರಿ. ಗಾಡಿ ಖಾಲಿಯಿದ್ದಾಗ ಒಬ್ಬರೇ ಸಲೀಸಾಗಿ ತಳ್ಳಿಕೊಂಡು ಹೋಗುತ್ತಾರೆ. ಅದಕ್ಕೇ ಮೂರು ಚೀಲ ಜೋಳ ಹೇರಿದರೆ, ನಿಂತ ಗಾಡಿಯನ್ನು ಹೊರಡಿಸಲು ಇನ್ನೂ ಇಬ್ಬರು ಮೂವರು ಕೈಹಚ್ಚಬೇಕು. ಹೊರಟ ಮೇಲೆ ಅದನ್ನು ತಟ್ಟನೆ ನಿಲ್ಲಿಸುವುದೂ ಅಷ್ಟೇ ಕಷ್ಟ.

ಭಾರದ ಗಾಡಿಗೆ ಹೆಚ್ಚು ಬಲ ಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಹೆಚ್ಚು? ಎರಡರಷ್ಟೇ, ನಾಲ್ಕರಷ್ಟೇ? ಉದ್ದವನ್ನು ಅಳೆಯಲು ಅಳತೆಪಟ್ಟಿ ಇದೆ, ತೂಗಲು ತಕ್ಕಡಿ ಇದೆ. ತಳ್ಳುವುದನ್ನು, ಎಳೆಯುವುದನ್ನು ಅಳೆಯುವುದು ಹೇಗೆ? ಸಾವಿರಾರು ವರ್ಷಗಳ ಕಾಲ ಜನರು ಗಾಡಿ ಎಳೆದರು, ಹಡಗು ನಡೆಸಿದರು, ದೊಡ್ಡ ದೊಡ್ಡ ಕಲ್ಲುಗಳನ್ನು ಸಾಗಿಸಿದರು. ಆದರೂ ಬಲ ಮತ್ತು ಚಲನೆಗಿರುವ ಸಂಬಂಧವನ್ನು ಲೆಕ್ಕದಲ್ಲಿ ಸರಿಯಾಗಿ ಹೇಳಲು ಆಗಿರಲಿಲ್ಲ.

ಆ ಲೆಕ್ಕವನ್ನು ಜಗತ್ತಿಗೆ ಹೇಳಿಕೊಟ್ಟವನು ಒಬ್ಬ ರೈತನ ಮಗ. ಓದನ್ನು ಅರ್ಧದಲ್ಲೇ ಬಿಡಿಸಿ ಅವನನ್ನು ಹೊಲದ ಕೆಲಸಕ್ಕೆ ಹಚ್ಚಿದ್ದರು. ಅವನ ಕಥೆಯನ್ನೂ ಅವನ ಲೆಕ್ಕವನ್ನೂ ಒಟ್ಟಿಗೇ ತಿಳಿಯೋಣ ಬನ್ನಿ.

ತಂದೆಯನ್ನು ಕಾಣದ ಮಗು

ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದಲ್ಲಿ ವುಲ್ಸ್‌ಥಾರ್ಪ್ ಎಂಬ ಸಣ್ಣ ಹಳ್ಳಿಯಿದೆ. ಐಸಾಕ್ ನ್ಯೂಟನ್ ಹುಟ್ಟಿದ್ದು ಅಲ್ಲಿ. ಆಗ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಹಳೆಯ ಕ್ಯಾಲೆಂಡರಿನ ಪ್ರಕಾರ ಅದು 1642ರ ಡಿಸೆಂಬರ್ 25. ಈಗಿನ ಕ್ಯಾಲೆಂಡರಿನ ಪ್ರಕಾರ 1643ರ ಜನವರಿ 4.

ಅವನು ಹುಟ್ಟುವ ಮೂರು ತಿಂಗಳು ಮೊದಲೇ ತಂದೆ ತೀರಿಕೊಂಡಿದ್ದ. ತಂದೆಯ ಹೆಸರೂ ಐಸಾಕ್ ನ್ಯೂಟನ್ ಎಂದೇ. ಆತ ಹೊಲ, ಕುರಿ, ದನಗಳಿದ್ದ ರೈತ; ತನ್ನ ಹೆಸರನ್ನು ಬರೆಯಲೂ ಬಾರದವನು. ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು. ತೀರಾ ಚಿಕ್ಕದಾಗಿದ್ದ ಅದು ಬದುಕುವುದೇ ಅನುಮಾನ ಎಂದು ಮನೆಯವರು ಭಾವಿಸಿದ್ದರು.

ಐಸಾಕ್‌ನಿಗೆ ಮೂರು ವರ್ಷವಾದಾಗ ತಾಯಿ ಹಾನ್ನಾ ಪಕ್ಕದ ಊರಿನ ಪಾದ್ರಿಯೊಬ್ಬನನ್ನು ಮರುಮದುವೆಯಾದಳು. ತಾಯಿ ಆ ಊರಿಗೆ ಹೋದಳು, ಮಗ ಅಜ್ಜಿಯ ಬಳಿ ಉಳಿದ. ಮಲತಂದೆ 1653ರಲ್ಲಿ ತೀರಿಕೊಂಡ ಮೇಲೆ ತಾಯಿ ಮೂವರು ಚಿಕ್ಕ ಮಕ್ಕಳೊಡನೆ ವುಲ್ಸ್‌ಥಾರ್ಪ್‌ಗೆ ಮರಳಿದಳು. ಅಷ್ಟರಲ್ಲಿ ಐಸಾಕ್ ಒಂಟಿಯಾಗಿರುವುದನ್ನು ಕಲಿತುಬಿಟ್ಟಿದ್ದ. ಜೀವನದುದ್ದಕ್ಕೂ ಅವನು ಹೆಚ್ಚು ಮಾತಿನವನಾಗಲಿಲ್ಲ.

ಗಾಳಿಯೊಡನೆ ನೆಗೆತ

ಸುಮಾರು 12ನೇ ವಯಸ್ಸಿನಲ್ಲಿ ಅವನನ್ನು ಗ್ರಾಂಥಮ್ ಪಟ್ಟಣದ ಶಾಲೆಗೆ ಸೇರಿಸಿದರು. ಊರಿನಿಂದ ದಿನವೂ ನಡೆದುಹೋಗಲು ದೂರವಾದ್ದರಿಂದ ಅಲ್ಲಿನ ಒಬ್ಬ ಔಷಧಿ ವ್ಯಾಪಾರಿಯ ಮನೆಯಲ್ಲಿ ಉಳಿದುಕೊಂಡ. ಬಿಡುವಿನಲ್ಲಿ ಉಳಿದ ಹುಡುಗರು ಆಟಕ್ಕೆ ಹೋದರೆ, ಇವನು ಗರಗಸ ಸುತ್ತಿಗೆ ಹಿಡಿದು ಕೂರುತ್ತಿದ್ದ. ಗಾಳಿಯಂತ್ರದ ಮಾದರಿ, ನೀರಿನ ಗಡಿಯಾರ, ಗಾಳಿಪಟ ಎಲ್ಲವನ್ನೂ ಮಾಡುತ್ತಿದ್ದ. ಬಿಸಿಲಿನ ನೆರಳು ಗೋಡೆಯ ಮೇಲೆ ಸರಿಯುವುದನ್ನು ಗುರುತುಮಾಡಿ ಹೊತ್ತು ಹೇಳುತ್ತಿದ್ದ.

1658ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಮೇಲೆ ದೊಡ್ಡ ಬಿರುಗಾಳಿ ಬೀಸಿತು. ನ್ಯೂಟನ್‌ನಿಗೆ ಆಗ 15 ವರ್ಷ. ಅಂದು ತಾನು ಏನು ಮಾಡಿದೆ ಎಂಬುದನ್ನು ಅವನು ಮುಪ್ಪಿನಲ್ಲಿ ತನ್ನ ಸಂಬಂಧಿಕನಿಗೆ ಹೇಳಿಕೊಂಡಿದ್ದಾನೆ. ಅವನು ಗಾಳಿ ಬೀಸುವ ದಿಕ್ಕಿಗೆ ಒಮ್ಮೆ ನೆಗೆದ. ಗಾಳಿಗೆ ಎದುರಾಗಿ ಒಮ್ಮೆ ನೆಗೆದ. ಎರಡೂ ನೆಗೆತಗಳ ದೂರವನ್ನು ಅಳೆದ. ಗಾಳಿಯಿಲ್ಲದ ದಿನ ತಾನು ನೆಗೆಯಬಲ್ಲ ದೂರದೊಡನೆ ಅವನ್ನು ಹೋಲಿಸಿ, ಬಿರುಗಾಳಿಯ ಬಲ ಎಷ್ಟೆಂದು ಲೆಕ್ಕಹಾಕಿದ!

ಇಲ್ಲೊಂದು ವಿಷಯ ಗಮನಿಸಿ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಅದರ ಬಲವೂ ಕಾಣುವುದಿಲ್ಲ. ಆದರೆ ಅದು ನೆಗೆತದಲ್ಲಿ ಮಾಡುವ ಬದಲಾವಣೆ ಕಾಣುತ್ತದೆ. ಬದಲಾವಣೆಯನ್ನು ಅಳೆದರೆ ಬಲವನ್ನು ತಿಳಿಯಬಹುದು. ಮುಂದೆ ಅವನು ಜಗತ್ತಿಗೆ ಕೊಟ್ಟ ನಿಯಮದ ತಿರುಳೂ ಇದೇ.

ಓದು ನಿಂತಾಗ

ನ್ಯೂಟನ್‌ನಿಗೆ ಸುಮಾರು 16 ವರ್ಷ ತುಂಬಿದಾಗ ತಾಯಿ ಅವನನ್ನು ಶಾಲೆಯಿಂದ ಬಿಡಿಸಿದಳು. ಮನೆಯಲ್ಲಿ ಹೊಲವಿದೆ, ಕುರಿಗಳಿವೆ, ಹಿರಿಯ ಮಗ ನೋಡಿಕೊಳ್ಳಲಿ ಎಂಬುದು ಅವಳ ಆಲೋಚನೆ. ಗಂಡನಿಲ್ಲದ ಮನೆಯನ್ನು ನಡೆಸುತ್ತಿದ್ದ ಅವಳಿಗೆ ಅದು ಸರಿಯೆಂದೇ ತೋರಿತ್ತು.

ಆದರೆ ಮಗನ ಮನಸ್ಸು ಹೊಲದಲ್ಲಿರಲಿಲ್ಲ. ಕುರಿ ಕಾಯಲು ಕಳಿಸಿದರೆ ಮರದ ಕೆಳಗೆ ಪುಸ್ತಕ ಹಿಡಿದು ಕೂರುತ್ತಿದ್ದ. ಇಲ್ಲವೇ ಹಳ್ಳದಲ್ಲಿ ಪುಟ್ಟ ನೀರಿನ ಚಕ್ರ ಕಟ್ಟುತ್ತಿದ್ದ. ಕುರಿಗಳು ಪಕ್ಕದ ಹೊಲಕ್ಕೆ ನುಗ್ಗುತ್ತಿದ್ದವು. ಕುರಿ ಮತ್ತು ಹಂದಿಗಳನ್ನು ಬೇರೆಯವರ ಹೊಲಕ್ಕೆ ಬಿಟ್ಟದ್ದಕ್ಕಾಗಿ, ಬೇಲಿಯನ್ನು ಸರಿಪಡಿಸದೆ ಇದ್ದದ್ದಕ್ಕಾಗಿ 1659ರಲ್ಲಿ ಊರಿನ ನ್ಯಾಯಸಭೆ ಅವನಿಗೆ ದಂಡ ಹಾಕಿತು. ಆ ದಾಖಲೆ ಉಳಿದುಬಂದಿದೆ. ಸಂತೆಗೆ ಕಳಿಸಿದರೆ ವ್ಯಾಪಾರವನ್ನು ಜೊತೆಯ ಆಳಿಗೆ ಒಪ್ಪಿಸಿ, ತಾನು ಔಷಧಿ ವ್ಯಾಪಾರಿಯ ಮನೆಗೆ ಹೋಗಿ ಪುಸ್ತಕಗಳ ನಡುವೆ ಕೂರುತ್ತಿದ್ದ.

ಇದನ್ನು ಕಂಡವರು ಇಬ್ಬರು. ಒಬ್ಬ ಅವನ ಸೋದರಮಾವ ವಿಲಿಯಂ ಆಸ್ಕೋ. ಆತ ಕೇಂಬ್ರಿಡ್ಜ್‌ನಲ್ಲಿ ಓದಿದವನು. ಇನ್ನೊಬ್ಬ ಗ್ರಾಂಥಮ್ ಶಾಲೆಯ ಮುಖ್ಯೋಪಾಧ್ಯಾಯ ಹೆನ್ರಿ ಸ್ಟೋಕ್ಸ್. ಈ ಹುಡುಗನ ಓದು ನಿಲ್ಲಬಾರದು ಎಂದು ಇಬ್ಬರೂ ತಾಯಿಯ ಮನವೊಲಿಸಿದರು. ಹೊರಗಿನ ಊರಿನ ಮಕ್ಕಳು ಶಾಲೆಗೆ 40 ಶಿಲಿಂಗ್ ಶುಲ್ಕ ಕೊಡಬೇಕಿತ್ತು. ಅದನ್ನು ತಾನು ಕೇಳುವುದಿಲ್ಲ ಎಂದು ಮುಖ್ಯೋಪಾಧ್ಯಾಯ ತಿಳಿಸಿದ. ಕೊನೆಗೆ ತಾಯಿ ಒಪ್ಪಿದಳು. 1660ರಲ್ಲಿ ನ್ಯೂಟನ್ ಮತ್ತೆ ಶಾಲೆಗೆ ಬಂದ.

ಆ ಒಂದು ವರ್ಷದಲ್ಲಿ ಯಾರೂ ತಾಯಿಯೊಡನೆ ಮಾತನಾಡದೆ ಇದ್ದಿದ್ದರೆ? ವುಲ್ಸ್‌ಥಾರ್ಪ್‌ನಲ್ಲಿ ಇನ್ನೊಬ್ಬ ರೈತ ಇರುತ್ತಿದ್ದ. ಅದೂ ಕುರಿಗಳನ್ನು ಸರಿಯಾಗಿ ಕಾಯದ ರೈತ!

ಹಳೆಯ ಪುಸ್ತಕದ ಖಾಲಿ ಹಾಳೆಗಳು

1661ರಲ್ಲಿ ನ್ಯೂಟನ್ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜಿಗೆ ಸೇರಿದ. ಶ್ರೀಮಂತ ವಿದ್ಯಾರ್ಥಿಗಳ ಊಟೋಪಚಾರ ನೋಡಿಕೊಂಡು, ಅವರ ಸಣ್ಣಪುಟ್ಟ ಕೆಲಸ ಮಾಡಿ ಶುಲ್ಕದ ಹೊರೆ ತಗ್ಗಿಸಿಕೊಳ್ಳುವ ಬಡ ವಿದ್ಯಾರ್ಥಿಗಳ ಗುಂಪಿಗೆ ಅವನು ಸೇರಬೇಕಾಯಿತು.

ಆ ಕಾಲದ ಪಾಠಗಳು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದನ್ನು ಆಧರಿಸಿದ್ದವು. ತಳ್ಳುತ್ತಿದ್ದರೆ ಮಾತ್ರ ವಸ್ತು ಚಲಿಸುತ್ತದೆ, ತಳ್ಳುವುದನ್ನು ಬಿಟ್ಟರೆ ನಿಲ್ಲುತ್ತದೆ ಎಂಬುದು ಆ ಪಾಠ. ನಮ್ಮ ತಳ್ಳುಗಾಡಿಯನ್ನು ನೋಡಿದರೆ ಅದು ನಿಜವೆನಿಸುತ್ತದೆ, ಅಲ್ಲವೇ? ಆದರೆ ಇಟಲಿಯ ಗೆಲಿಲಿಯೊ ಇಳಿಜಾರಿನಲ್ಲಿ ಗುಂಡುಗಳನ್ನು ಉರುಳಿಸಿ ಬೇರೆ ಮಾತು ಹೇಳಿದ್ದ. ತಡೆ ಇಲ್ಲದಿದ್ದರೆ ಉರುಳುವ ಗುಂಡು ತಾನಾಗಿ ನಿಲ್ಲುವುದಿಲ್ಲ ಎಂದು ಅವನು ಕಂಡುಕೊಂಡಿದ್ದ. ಫ್ರಾನ್ಸಿನ ಡೆಕಾರ್ಟ್, ಅಂಥ ವಸ್ತು ನೇರ ಗೆರೆಯಲ್ಲಿ ಸಾಗುತ್ತದೆ ಎಂದಿದ್ದ. ಇವುಗಳನ್ನೆಲ್ಲ ನ್ಯೂಟನ್ ಪಾಠದ ಹೊರಗೆ ತಾನೇ ಓದಿಕೊಂಡ.

ಆಗ ಕಾಗದ ದುಬಾರಿ. ಮಲತಂದೆ ಬಿಟ್ಟುಹೋದ ದಪ್ಪನೆಯ ಬರವಣಿಗೆ ಪುಸ್ತಕವೊಂದು ನ್ಯೂಟನ್ ಬಳಿ ಇತ್ತು. ಪಾದ್ರಿ ಅದರಲ್ಲಿ ಸ್ವಲ್ಪವೇ ಬರೆದಿದ್ದ. ಬಹುಪಾಲು ಹಾಳೆಗಳು ಖಾಲಿ. 1664ರ ಸುಮಾರಿಗೆ ನ್ಯೂಟನ್ ಆ ಖಾಲಿ ಹಾಳೆಗಳಲ್ಲಿ ತನ್ನ ಲೆಕ್ಕ ಬರೆಯತೊಡಗಿದ. ಎರಡು ಗುಂಡುಗಳು ಡಿಕ್ಕಿ ಹೊಡೆದರೆ ಏನಾಗುತ್ತದೆ? ದೊಡ್ಡ ಗುಂಡಿನ ವೇಗವನ್ನು ಬದಲಿಸಲು ಎಷ್ಟು ಬಲ ಬೇಕು, ಸಣ್ಣದಕ್ಕೆ ಎಷ್ಟು? ಚಲನೆಯ ನಿಯಮಗಳು ಮೊಳಕೆಯೊಡೆದದ್ದು ಆ ಹಾಳೆಗಳಲ್ಲಿ. ಆ ಪುಸ್ತಕವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಜೋಪಾನವಾಗಿ ಇರಿಸಿದ್ದಾರೆ.

ಪ್ಲೇಗ್, ಸೇಬು ಮತ್ತು ಚಂದ್ರ

1665ರಲ್ಲಿ ಇಂಗ್ಲೆಂಡಿನಲ್ಲಿ ಪ್ಲೇಗ್ ಹರಡಿತು. 2020ರಲ್ಲಿ ಕೊರೊನಾ ಬಂದಾಗ ನಮ್ಮ ಶಾಲೆಗಳು ಮುಚ್ಚಿದಂತೆ ಕೇಂಬ್ರಿಡ್ಜ್ ಕೂಡ ಮುಚ್ಚಿತು. ನ್ಯೂಟನ್ ವುಲ್ಸ್‌ಥಾರ್ಪ್‌ಗೆ ಬಂದ. ನಡುವೆ ಸ್ವಲ್ಪ ಕಾಲ ಬಿಟ್ಟರೆ 1667ರವರೆಗೂ ಹಳ್ಳಿಯಲ್ಲೇ ಇದ್ದ. ಅಲ್ಲಿ ಅವನು ಗಣಿತದ ಹೊಸ ಶಾಖೆಯಾದ ಕಲನಶಾಸ್ತ್ರವನ್ನು ಬೆಳೆಸಿದ. ಬೆಳಕಿನ ಬಣ್ಣಗಳ ಬಗ್ಗೆ, ಗ್ರಹಗಳ ಚಲನೆಯ ಬಗ್ಗೆ ಯೋಚಿಸಿದ.

ಸೇಬಿನ ಕಥೆ ನಿಮಗೆ ಗೊತ್ತು. ಹಣ್ಣು ಅವನ ತಲೆಯ ಮೇಲೆ ಬಿತ್ತು ಎಂಬುದು ಆಮೇಲೆ ಸೇರಿಸಿದ ಮಾತು. ತೋಟದಲ್ಲಿ ಹಣ್ಣು ಬೀಳುವುದನ್ನು ಕಂಡು, ಅದು ಪಕ್ಕಕ್ಕೋ ಮೇಲಕ್ಕೋ ಹೋಗದೆ ನೇರವಾಗಿ ನೆಲಕ್ಕೇ ಏಕೆ ಬರುತ್ತದೆ ಎಂದು ಯೋಚಿಸಿದೆನೆಂದು ಅವನೇ ಮುಪ್ಪಿನಲ್ಲಿ ಗೆಳೆಯನಿಗೆ ಹೇಳಿದ್ದ. ಅವನ ಯೋಚನೆ ಸೇಬಿನಲ್ಲಿ ನಿಲ್ಲಲಿಲ್ಲ. ಮರದ ತುದಿಯವರೆಗೆ ಇರುವ ಭೂಮಿಯ ಸೆಳೆತ ಚಂದ್ರನವರೆಗೂ ಇರಬಾರದೇಕೆ?

ಚಂದ್ರ ಬೀಳುತ್ತಿಲ್ಲವಲ್ಲ ಎಂದು ನೀವು ಕೇಳಬಹುದು. ಬೀಳುತ್ತಿದೆ! ಯಾವ ಬಲವೂ ಇಲ್ಲದಿದ್ದರೆ ಚಂದ್ರ ನೇರ ಗೆರೆಯಲ್ಲಿ ಹೊರಟುಹೋಗಬೇಕಿತ್ತು. ಹಾಗೆ ಹೋಗದೆ ಕ್ಷಣಕ್ಷಣವೂ ಭೂಮಿಯ ಕಡೆಗೆ ಬಾಗುತ್ತದೆ. ಆ ಬಾಗುವಿಕೆಯೇ ಅದರ ಬೀಳುವಿಕೆ. ಮುಂದಕ್ಕೂ ಸಾಗುತ್ತಿರುವುದರಿಂದ ಅದು ಭೂಮಿಗೆ ಬಡಿಯದೆ ಸುತ್ತುತ್ತಲೇ ಇದೆ.

ಈಗ ಲೆಕ್ಕ ನೋಡಿ. ಭೂಮಿಯ ಮೇಲೆ ಕೈಬಿಟ್ಟ ಹಣ್ಣು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಬೀಳುತ್ತದೆ. ಚಂದ್ರ ಭೂಮಿಯ ಕೇಂದ್ರದಿಂದ ಹಣ್ಣಿಗಿಂತ ಸುಮಾರು 60 ಪಟ್ಟು ದೂರದಲ್ಲಿದೆ. ದೂರ 2 ಪಟ್ಟಾದರೆ ಸೆಳೆತ 4ರಲ್ಲಿ ಒಂದು ಪಾಲು, 3 ಪಟ್ಟಾದರೆ 9ರಲ್ಲಿ ಒಂದು ಪಾಲು ಆಗುತ್ತದೆ ಎಂದುಕೊಳ್ಳಿ. 60 ಪಟ್ಟಿಗೆ 60 × 60, ಅಂದರೆ 3,600ರಲ್ಲಿ ಒಂದು ಪಾಲು. 4.9 ಮೀಟರನ್ನು 3,600ರಿಂದ ಭಾಗಿಸಿದರೆ ಸುಮಾರು 1.4 ಮಿಲಿಮೀಟರ್. ಚಂದ್ರನ ದಾರಿಯನ್ನು ಅಳೆದು ನೋಡಿದರೆ, ಅದು ಒಂದು ಸೆಕೆಂಡಿನಲ್ಲಿ ಭೂಮಿಯ ಕಡೆಗೆ ಬಾಗುವುದೂ ಅಷ್ಟೇ!

ನ್ಯೂಟನ್ ಮೊದಲು ಈ ಬಗೆಯ ಲೆಕ್ಕ ಮಾಡಿದಾಗ ಅವನಿಗೆ ಸಿಕ್ಕಿದ್ದ ಭೂಮಿಯ ಅಳತೆ ಸರಿಯಿರಲಿಲ್ಲ. ಹಾಗಾಗಿ ಉತ್ತರ ಸುಮಾರಾಗಿ ಮಾತ್ರ ಹೊಂದಿತು. ಅವನು ಅದನ್ನು ಪ್ರಕಟಿಸಲಿಲ್ಲ. ಹೆಚ್ಚುಕಡಿಮೆ ಇಪ್ಪತ್ತು ವರ್ಷ ಅದು ಹಾಗೇ ಉಳಿಯಿತು.

ಬಾಗಿಲು ತಟ್ಟಿದ ಹ್ಯಾಲಿ

ಈ ನಡುವೆ ನ್ಯೂಟನ್ 26ನೇ ವಯಸ್ಸಿನಲ್ಲಿ, 1669ರಲ್ಲಿ, ಕೇಂಬ್ರಿಡ್ಜ್‌ನಲ್ಲಿ ಗಣಿತದ ಪ್ರಾಧ್ಯಾಪಕನಾದ. ಕನ್ನಡಿ ಬಳಸುವ ಪುಟ್ಟ ದೂರದರ್ಶಕವೊಂದನ್ನು ತನ್ನ ಕೈಯಾರೆ ಮಾಡಿದ. ಲೋಹವನ್ನು ಎರಕಹೊಯ್ದು ಕನ್ನಡಿಯನ್ನು ಉಜ್ಜಿದವನೂ ಅವನೇ. ಅದನ್ನು ಕಂಡು ಮೆಚ್ಚಿದ ಲಂಡನ್ನಿನ ರಾಯಲ್ ಸೊಸೈಟಿ 1672ರಲ್ಲಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಸೇರಿವೆ ಎಂದು ಅದೇ ವರ್ಷ ಅವನು ಪ್ರಕಟಿಸಿದ. ರಾಬರ್ಟ್ ಹುಕ್ ಎಂಬ ವಿಜ್ಞಾನಿ ಅದನ್ನು ಟೀಕಿಸಿದ. ಟೀಕೆಯನ್ನು ಸಹಿಸದ ನ್ಯೂಟನ್ ಮತ್ತೆ ತನ್ನ ಚಿಪ್ಪಿನೊಳಗೆ ಸೇರಿಕೊಂಡ.

1684ರ ಆರಂಭದಲ್ಲಿ ಲಂಡನ್ನಿನಲ್ಲಿ ಮೂವರು ಸೇರಿ ಒಂದು ಪ್ರಶ್ನೆಯನ್ನು ಚರ್ಚಿಸಿದರು. ಸೂರ್ಯನ ಸೆಳೆತ ದೂರದೊಡನೆ ಈಗ ನಾವು ಹೇಳಿದ ರೀತಿಯಲ್ಲೇ ಕಡಿಮೆಯಾಗುವುದಾದರೆ ಗ್ರಹದ ದಾರಿಯ ಆಕಾರ ಯಾವುದು? ಆ ಮೂವರು ಎಡ್ಮಂಡ್ ಹ್ಯಾಲಿ, ರಾಬರ್ಟ್ ಹುಕ್ ಮತ್ತು ಕ್ರಿಸ್ಟೋಫರ್ ರೆನ್. ಎರಡು ತಿಂಗಳಲ್ಲಿ ಉತ್ತರವನ್ನು ಲೆಕ್ಕದೊಡನೆ ತೋರಿಸಿದವರಿಗೆ 40 ಶಿಲಿಂಗ್ ಬೆಲೆಯ ಪುಸ್ತಕ ಕೊಡುವುದಾಗಿ ರೆನ್ ಹೇಳಿದ. ತನಗೆ ಉತ್ತರ ಗೊತ್ತು ಎಂದ ಹುಕ್ ಲೆಕ್ಕವನ್ನು ಮಾತ್ರ ತೋರಿಸಲಿಲ್ಲ.

ಆಗಸ್ಟ್‌ನಲ್ಲಿ ಹ್ಯಾಲಿ ಕೇಂಬ್ರಿಡ್ಜ್‌ಗೆ ಹೋಗಿ ನ್ಯೂಟನ್‌ನನ್ನು ಅದೇ ಪ್ರಶ್ನೆ ಕೇಳಿದ. ದೀರ್ಘವೃತ್ತ, ಅಂದರೆ ಮೊಟ್ಟೆಯಂತೆ ಉದ್ದನೆಯ ವೃತ್ತ ಎಂದು ನ್ಯೂಟನ್ ಕೂಡಲೇ ಉತ್ತರಿಸಿದ. ತಾನು ಅದನ್ನು ಹಿಂದೆಯೇ ಲೆಕ್ಕಮಾಡಿದ್ದೇನೆ ಎಂದ. ಆದರೆ ಆ ಕಾಗದ ಸಿಗಲಿಲ್ಲ! ಮತ್ತೆ ಬರೆದು ಕಳಿಸುವುದಾಗಿ ಮಾತು ಕೊಟ್ಟ. ನವೆಂಬರ್‌ನಲ್ಲಿ ಕೆಲವೇ ಪುಟಗಳ ಲೇಖನ ಬಂತು. ಹ್ಯಾಲಿಗೆ ಅದರ ಬೆಲೆ ತಿಳಿಯಿತು. ಪೂರ್ತಿ ಪುಸ್ತಕ ಬರೆಯುವಂತೆ ಅವನು ನ್ಯೂಟನ್‌ನನ್ನು ಬಿಡದೆ ಒತ್ತಾಯಿಸಿದ.

ಮುಂದಿನ ಎರಡು ವರ್ಷ ನ್ಯೂಟನ್ ಹಗಲು ರಾತ್ರಿ ಬರೆದ. ಎಷ್ಟೋ ದಿನ ಊಟವನ್ನೇ ಮರೆಯುತ್ತಿದ್ದ. 1687ರ ಜುಲೈನಲ್ಲಿ ಪುಸ್ತಕ ಹೊರಬಂತು. ಲ್ಯಾಟಿನ್ ಭಾಷೆಯಲ್ಲಿದ್ದ ಆ ಪುಸ್ತಕವನ್ನು ಚಿಕ್ಕದಾಗಿ ಪ್ರಿನ್ಸಿಪಿಯಾ ಎಂದು ಕರೆಯುತ್ತಾರೆ. ಮೀನುಗಳ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಅಚ್ಚುಹಾಕಿಸಿ ರಾಯಲ್ ಸೊಸೈಟಿ ತನ್ನ ಹಣವನ್ನೆಲ್ಲ ಖರ್ಚು ಮಾಡಿಕೊಂಡಿತ್ತು. ಹಾಗಾಗಿ ಪ್ರಿನ್ಸಿಪಿಯಾ ಅಚ್ಚಿನ ಖರ್ಚನ್ನು ಹ್ಯಾಲಿ ತನ್ನ ಕೈಯಿಂದ ಕೊಟ್ಟ. ಮುಂದೆ ಒಂದು ಧೂಮಕೇತುವಿಗೆ ಅವನ ಹೆಸರೇ ಬಂತು.

ಬಲದ ಲೆಕ್ಕ

ಪ್ರಿನ್ಸಿಪಿಯಾದ ಆರಂಭದಲ್ಲೇ ಚಲನೆಯ ಮೂರು ನಿಯಮಗಳಿವೆ.

ಮೊದಲ ನಿಯಮ: ಹೊರಗಿನಿಂದ ಬಲ ಬೀಳದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರ ಗೆರೆಯಲ್ಲಿ ಚಲಿಸುತ್ತಲೇ ಇರುತ್ತದೆ. ಹಾಗಾದರೆ ತಳ್ಳುವುದನ್ನು ಬಿಟ್ಟಾಗ ಗಾಡಿ ನಿಲ್ಲುವುದೇಕೆ? ನೆಲ ಮತ್ತು ಅಚ್ಚುಗಳ ಘರ್ಷಣೆ ಅದನ್ನು ಹಿಂದಕ್ಕೆ ತಡೆಯುವುದರಿಂದ. ಅರಿಸ್ಟಾಟಲ್‌ನ ಲೆಕ್ಕಕ್ಕೆ ಸಿಗದ ಬಲ ಇದೇ.

ಎರಡನೆಯ ನಿಯಮವೇ ನಮ್ಮ ಪ್ರಶ್ನೆಗೆ ಉತ್ತರ. ಬಲವು ಚಲನೆಯನ್ನು ಬದಲಿಸುತ್ತದೆ. ಬಲ ಹೆಚ್ಚಿದಷ್ಟೂ ಬದಲಾವಣೆ ಹೆಚ್ಚು. ಬಲ ಯಾವ ದಿಕ್ಕಿಗೋ ಬದಲಾವಣೆಯೂ ಆ ದಿಕ್ಕಿಗೇ. ಇಂದು ನಾವು ಅದನ್ನು ಹೀಗೆ ಬರೆಯುತ್ತೇವೆ:

ಬಲ = ದ್ರವ್ಯರಾಶಿ × ವೇಗೋತ್ಕರ್ಷ

ಮೂರನೆಯ ನಿಯಮ: ಪ್ರತಿ ಕ್ರಿಯೆಗೂ ಅಷ್ಟೇ ಪ್ರಮಾಣದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ.

ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ, ಕಿಲೋಗ್ರಾಂನಲ್ಲಿ ಹೇಳುತ್ತೇವೆ. ವೇಗೋತ್ಕರ್ಷ ಎಂದರೆ ಒಂದೊಂದು ಸೆಕೆಂಡಿಗೆ ವೇಗದಲ್ಲಾಗುವ ಬದಲಾವಣೆ. ನಿಂತ ಬಸ್ಸು ಹೊರಟಿತು ಎನ್ನಿ. ಒಂದು ಸೆಕೆಂಡಿನ ಕೊನೆಗೆ ಅದರ ವೇಗ ಸೆಕೆಂಡಿಗೆ 1 ಮೀಟರ್, ಎರಡರ ಕೊನೆಗೆ 2 ಮೀಟರ್, ಮೂರರ ಕೊನೆಗೆ 3 ಮೀಟರ್. ವೇಗ ಪ್ರತಿ ಸೆಕೆಂಡಿಗೆ 1ರಂತೆ ಏರುತ್ತಿದೆ. ಅದರ ವೇಗೋತ್ಕರ್ಷ 1 ಮೀ/ಸೆ².

1 ಕಿ.ಗ್ರಾಂ ದ್ರವ್ಯರಾಶಿಗೆ 1 ಮೀ/ಸೆ² ವೇಗೋತ್ಕರ್ಷ ಕೊಡುವ ಬಲಕ್ಕೆ 1 ನ್ಯೂಟನ್ ಎಂದು ಹೆಸರು. ಈ ಹೆಸರನ್ನು ಅಂತರರಾಷ್ಟ್ರೀಯ ಅಳತೆಗಳ ಸಮ್ಮೇಳನ 1948ರಲ್ಲಿ ಒಪ್ಪಿಕೊಂಡಿತು. 100 ಗ್ರಾಂ ತೂಕದ ಹಣ್ಣನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅದು ನಿಮ್ಮ ಕೈಯನ್ನು ಒತ್ತುವ ಬಲ ಸುಮಾರು 1 ನ್ಯೂಟನ್.

ಈಗ ತಳ್ಳುಗಾಡಿಗೆ ಬರೋಣ. ಖಾಲಿ ಗಾಡಿಯ ದ್ರವ್ಯರಾಶಿ 100 ಕಿ.ಗ್ರಾಂ ಇರಲಿ. ನಿಂತ ಗಾಡಿಗೆ 2 ಸೆಕೆಂಡಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗ ಬರಬೇಕು. ವೇಗೋತ್ಕರ್ಷ = 1 ÷ 2 = 0.5 ಮೀ/ಸೆ². ಬೇಕಾದ ಬಲ = 100 × 0.5 = 50 ನ್ಯೂಟನ್. ಒಂದೊಂದು ಕ್ವಿಂಟಾಲಿನ ಮೂರು ಚೀಲ ಹೇರಿದರೆ ಒಟ್ಟು 400 ಕಿ.ಗ್ರಾಂ. ಆಗ ಬಲ = 400 × 0.5 = 200 ನ್ಯೂಟನ್. ಅಂದರೆ ಸರಿಯಾಗಿ ನಾಲ್ಕರಷ್ಟು! ಒಬ್ಬರ ಜಾಗದಲ್ಲಿ ಅಷ್ಟೇ ಬಲದಿಂದ ತಳ್ಳುವ ನಾಲ್ವರು ಬೇಕು. ಒಬ್ಬರೇ 50 ನ್ಯೂಟನ್ ಬಲದಿಂದ ತಳ್ಳಿದರೆ? 50 ÷ 400 = 0.125 ಮೀ/ಸೆ². ಗಾಡಿ ಹೊರಡುತ್ತದೆ, ಆದರೆ ಅದೇ ವೇಗ ಬರಲು 2 ಸೆಕೆಂಡಿನ ಬದಲು 8 ಸೆಕೆಂಡು ಬೇಕು. ಇದು ಘರ್ಷಣೆಯನ್ನು ಬಿಟ್ಟು ಮಾಡಿದ ಲೆಕ್ಕ. ಘರ್ಷಣೆಯಿದ್ದಾಗ ಅದನ್ನು ಕಳೆದು ಉಳಿಯುವ ಬಲ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಕ್ರಿಕೆಟ್ ಆಡುವವರು ಇದನ್ನು ಗಮನಿಸಿ. 0.16 ಕಿ.ಗ್ರಾಂ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುತ್ತಿದೆ. ಕೈಯನ್ನು ಬಿಗಿಯಾಗಿಟ್ಟು 0.02 ಸೆಕೆಂಡಿನಲ್ಲಿ ನಿಲ್ಲಿಸಿದರೆ, ವೇಗದ ಬದಲಾವಣೆ ಸೆಕೆಂಡಿಗೆ 20 ÷ 0.02 = 1,000. ಬಲ = 0.16 × 1,000 = 160 ನ್ಯೂಟನ್. ಕೈಯನ್ನು ಹಿಂದಕ್ಕೆ ಎಳೆಯುತ್ತಾ 0.1 ಸೆಕೆಂಡಿನಲ್ಲಿ ನಿಲ್ಲಿಸಿದರೆ 20 ÷ 0.1 = 200. ಬಲ = 0.16 × 200 = 32 ನ್ಯೂಟನ್ ಮಾತ್ರ. ಚೆಂಡು ಅದೇ, ವೇಗ ಅದೇ; ನೋವು ಮಾತ್ರ ಐದರಲ್ಲಿ ಒಂದು ಪಾಲು!

ಇದೇ ಲೆಕ್ಕ ಜೀವ ಉಳಿಸುತ್ತದೆ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಅಷ್ಟು ವೇಗದಲ್ಲಿರುವ ವಾಹನ ಬ್ರೇಕ್ ಹಾಕಿ 5 ಸೆಕೆಂಡಿನಲ್ಲಿ ನಿಂತರೆ, 30 ಕಿ.ಗ್ರಾಂ ಇರುವ ಮಗುವನ್ನು ನಿಲ್ಲಿಸಲು ಬೇಕಾದ ಬಲ 30 × 2 = 60 ನ್ಯೂಟನ್. ಸೀಟು ಹಿಡಿದು ಕುಳಿತರೆ ಸಾಕು. ಏನಕ್ಕಾದರೂ ಡಿಕ್ಕಿ ಹೊಡೆದು 0.1 ಸೆಕೆಂಡಿನಲ್ಲಿ ನಿಂತರೆ 30 × 100 = 3,000 ನ್ಯೂಟನ್. ಸುಮಾರು 300 ಕಿ.ಗ್ರಾಂ ಭಾರ ಮೇಲೆ ಬಿದ್ದಂತೆ! ಯಾವ ಕೈಯೂ ಅದನ್ನು ತಡೆಯಲಾರದು. ಸೀಟ್ ಬೆಲ್ಟ್ ಬೇಕಾಗುವುದು ಅದಕ್ಕೇ.

ತೂಕವೂ ಒಂದು ಬಲ. ಭೂಮಿಯ ಮೇಲೆ ಬೀಳುವ ವಸ್ತುವಿನ ವೇಗೋತ್ಕರ್ಷ ಸುಮಾರು 9.8 ಮೀ/ಸೆ². 30 ಕಿ.ಗ್ರಾಂ ಮಗುವಿನ ತೂಕ 30 × 9.8 = 294 ನ್ಯೂಟನ್. ಚಂದ್ರನ ಮೇಲೆ ವೇಗೋತ್ಕರ್ಷ ಸುಮಾರು 1.6, ಅಲ್ಲಿ ತೂಕ ಕೇವಲ 48 ನ್ಯೂಟನ್. ದ್ರವ್ಯರಾಶಿ ಮಾತ್ರ ಎರಡೂ ಕಡೆ 30 ಕಿ.ಗ್ರಾಂ.

2023ರ ಆಗಸ್ಟ್ 23ರಂದು ಚಂದ್ರಯಾನ–3ರ ವಿಕ್ರಮ್ ಚಂದ್ರನ ಮೇಲೆ ಮೆಲ್ಲನೆ ಇಳಿಯಿತಲ್ಲವೇ? ಅದರ ಇಳಿಯುವಿಕೆಯನ್ನು ಬೆಂಗಳೂರಿನ ಇಸ್ರೋ ಕೇಂದ್ರದಿಂದ ಗಮನಿಸುತ್ತಿದ್ದರು. ವಿಕ್ರಮ್‌ನ ದ್ರವ್ಯರಾಶಿ ಇಷ್ಟು, ವೇಗವನ್ನು ಇಷ್ಟು ಹೊತ್ತಿನಲ್ಲಿ ಇಷ್ಟು ತಗ್ಗಿಸಬೇಕು, ಹಾಗಾದರೆ ಎಂಜಿನ್ ಎಷ್ಟು ಬಲದಿಂದ ಮೇಲಕ್ಕೆ ನೂಕಬೇಕು? ತಳ್ಳುಗಾಡಿಗೆ ನಾವು ಮಾಡಿದ ಲೆಕ್ಕದ ನಿಯಮವೇ ಅಲ್ಲಿಯೂ ನಡೆಯಿತು.

ಒಬ್ಬನದೇ ಕೆಲಸವೇ?

ನ್ಯೂಟನ್ ಬದುಕಿನ ಎಲ್ಲವೂ ಅನುಕರಿಸುವಂಥದ್ದಲ್ಲ. ಗ್ರಹಗಳ ಚಲನೆಯ ಬಗ್ಗೆ ಹುಕ್ 1679ರಲ್ಲಿ ಅವನಿಗೆ ಪತ್ರ ಬರೆದು ಒಂದು ಒಳ್ಳೆಯ ಯೋಚನೆಯನ್ನು ಹಂಚಿಕೊಂಡಿದ್ದ. ಅದಕ್ಕೆ ತನಗೂ ಮನ್ನಣೆ ಬೇಕೆಂದು ಹುಕ್ ಕೇಳಿದಾಗ ನ್ಯೂಟನ್ ಸಿಟ್ಟಾಗಿ, ಪುಸ್ತಕದಿಂದ ಅವನ ಹೆಸರನ್ನು ಎಷ್ಟೋ ಕಡೆ ತೆಗೆದುಹಾಕಿದ. ಕಲನಶಾಸ್ತ್ರವನ್ನು ಜರ್ಮನಿಯ ಲೈಬ್ನಿಟ್ಸ್ ಕೂಡ ಸ್ವತಂತ್ರವಾಗಿ ರೂಪಿಸಿದ್ದ. ಯಾರು ಮೊದಲು ಎಂಬ ಜಗಳವನ್ನು ಪರಿಶೀಲಿಸಲು ರಾಯಲ್ ಸೊಸೈಟಿ 1712ರಲ್ಲಿ ಸಮಿತಿ ರಚಿಸಿತು. ಆಗ ಅದರ ಅಧ್ಯಕ್ಷ ನ್ಯೂಟನ್ನೇ. ಸಮಿತಿಯ ವರದಿಯನ್ನು ತೆರೆಮರೆಯಲ್ಲಿ ಬರೆದವನೂ ಅವನೇ! ಇದು ನ್ಯಾಯವಲ್ಲ ಎಂದು ನಿಮಗೂ ಅನ್ನಿಸುತ್ತದೆ.

ಅವನ ನಿಯಮವೂ ಅವನೊಬ್ಬನ ಕೈಯಲ್ಲಿ ಪೂರ್ತಿಯಾದುದಲ್ಲ. ಬಲ, ದ್ರವ್ಯರಾಶಿ, ವೇಗೋತ್ಕರ್ಷಗಳನ್ನು ಸಮೀಕರಣವಾಗಿ ಬಳಸುವ ರೀತಿಯನ್ನು ಬೆಳೆಸಿದವರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ ಮುಖ್ಯನಾದವನು. ಅವನ ಲೇಖನ 1752ರಲ್ಲಿ ಪ್ರಕಟವಾಯಿತು. ಪ್ರಿನ್ಸಿಪಿಯಾವನ್ನು ಫ್ರೆಂಚ್ ಭಾಷೆಗೆ ತಂದು ವಿವರಣೆ ಬರೆದವಳು ಎಮಿಲಿ ದು ಶಾತಲೆ ಎಂಬ ಮಹಿಳೆ.

1696ರಲ್ಲಿ ನ್ಯೂಟನ್ ಲಂಡನ್ನಿನ ಟಂಕಸಾಲೆಯ ಅಧಿಕಾರಿಯಾಗಿ, ನಾಣ್ಯಗಳ ಸುಧಾರಣೆಗೆ ಶ್ರಮಿಸಿದ. 1705ರಲ್ಲಿ ರಾಣಿ ಆನ್ ಅವನಿಗೆ ಸರ್ ಪದವಿ ಕೊಟ್ಟಳು. 1727ರ ಮಾರ್ಚ್‌ನಲ್ಲಿ, 84ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಹೆಸರು ಬರೆಯಲು ಬಾರದ ರೈತನ ಮಗನನ್ನು ರಾಜರಾಣಿಯರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡಿದರು.

ನಿಮ್ಮ ತರಗತಿಯಲ್ಲೂ ಹೊಲಕ್ಕೆಂದೋ, ಮನೆಗೆಲಸಕ್ಕೆಂದೋ, ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದೋ ಶಾಲೆ ಬಿಟ್ಟ ಗೆಳೆಯ ಗೆಳತಿಯರು ಇರಬಹುದು. ಇದ್ದರೆ ನಿಮ್ಮ ಶಿಕ್ಷಕರಿಗೆ ತಿಳಿಸಿ. ಗ್ರಾಂಥಮ್‌ನ ಮುಖ್ಯೋಪಾಧ್ಯಾಯ ಮಾಡಿದ್ದು ಇಷ್ಟೇ: ಮನೆಗೆ ಹೇಳಿಕಳಿಸಿದ, ತಾಯಿಯ ಮನವೊಲಿಸಿದ, ಶುಲ್ಕ ಬೇಡವೆಂದ. ಅಷ್ಟಕ್ಕೇ ಒಬ್ಬ ಹುಡುಗ ಮತ್ತೆ ಬೆಂಚಿನ ಮೇಲೆ ಬಂದು ಕುಳಿತ.

ಮಾಡಿ ನೋಡಿ

ಬೇಕಾದ ವಸ್ತುಗಳು: ಚಕ್ರವಿರುವ ಸಣ್ಣ ಆಟಿಕೆ ಗಾಡಿ, ಒಂದು ಮೀಟರ್ ದಾರ, ಕಾಗದದ ಲೋಟ, ಒಂದೇ ಬಗೆಯ ಕೆಲವು ನಾಣ್ಯಗಳು, ನಾಲ್ಕಾರು ಕಲ್ಲುಗಳು.

1. ದಾರದ ಒಂದು ತುದಿಯನ್ನು ಗಾಡಿಗೆ, ಇನ್ನೊಂದನ್ನು ಲೋಟಕ್ಕೆ ಕಟ್ಟಿ. ಗಾಡಿಯನ್ನು ಮೇಜಿನ ಮೇಲಿಟ್ಟು ಲೋಟವನ್ನು ಅಂಚಿನಿಂದ ಕೆಳಗೆ ಇಳಿಬಿಡಿ.
2. ಗಾಡಿಯನ್ನು ಹಿಡಿದುಕೊಂಡು, ಅದು ಓಡುವಷ್ಟು ನಾಣ್ಯಗಳನ್ನು ಲೋಟಕ್ಕೆ ಹಾಕಿ. ಕೈಬಿಟ್ಟು ಗಾಡಿ ಓಡುವುದನ್ನು ಗಮನಿಸಿ.
3. ನಾಣ್ಯಗಳನ್ನು ಹಾಗೇ ಬಿಟ್ಟು, ಗಾಡಿಯ ಮೇಲೆ ಕಲ್ಲು ಹೇರಿ ಮತ್ತೆ ಬಿಡಿ. ಈಗ ಏನಾಯಿತು?
4. ಕಲ್ಲುಗಳನ್ನು ಹಾಗೇ ಇಟ್ಟು, ಲೋಟದಲ್ಲಿ ನಾಣ್ಯ ಹೆಚ್ಚಿಸಿ. ಈಗ?

ಮೇಜಿನ ಅಂಚಿನಲ್ಲಿ ಗಾಡಿಯನ್ನು ಹಿಡಿಯಲು ಗೆಳೆಯರೊಬ್ಬರು ಸಿದ್ಧವಾಗಿರಲಿ. ಕಂಡದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಲೆಕ್ಕ ಮಾಡಿ

1. 5 ಕಿ.ಗ್ರಾಂ ಪೆಟ್ಟಿಗೆಗೆ 3 ಮೀ/ಸೆ² ವೇಗೋತ್ಕರ್ಷ ಬರಲು ಎಷ್ಟು ಬಲ ಬೇಕು?
2. 20 ಕಿ.ಗ್ರಾಂ ಸೈಕಲ್ ಮೇಲೆ 40 ಕಿ.ಗ್ರಾಂ ಹುಡುಗಿ ಕುಳಿತಿದ್ದಾಳೆ. ಘರ್ಷಣೆ ಕಳೆದು ಉಳಿದ ಬಲ 30 ನ್ಯೂಟನ್. ವೇಗೋತ್ಕರ್ಷ ಎಷ್ಟು?
3. 10 ಕಿ.ಗ್ರಾಂ ಕಲ್ಲಿನ ಮೇಲೆ ಭೂಮಿಯ ಸೆಳೆತ 98 ನ್ಯೂಟನ್, 1 ಕಿ.ಗ್ರಾಂ ಕಲ್ಲಿನ ಮೇಲೆ 9.8 ನ್ಯೂಟನ್. ಗಾಳಿಯ ತಡೆ ಇಲ್ಲದಿದ್ದರೆ ಯಾವುದು ಬೇಗ ನೆಲ ಮುಟ್ಟುತ್ತದೆ?

ಉತ್ತರಗಳು: 1) 15 ನ್ಯೂಟನ್. 2) 0.5 ಮೀ/ಸೆ². 3) ಒಂದೇ ಎತ್ತರದಿಂದ ಬಿಟ್ಟರೆ ಎರಡೂ ಒಟ್ಟಿಗೇ ಮುಟ್ಟುತ್ತವೆ. 98 ÷ 10 ಮತ್ತು 9.8 ÷ 1 ಮಾಡಿ ನೋಡಿ; ಏಕೆಂದು ತಿಳಿಯುತ್ತದೆ.